ಪೆಟ್ರೋಲ್ ಮುಳ್ಳು ಏಳುತ್ತಿಲ್ಲವೇ? ಮೊದಲು ಅರ್ಥ್ ನೋಡಿ

ಹಳೆಯ ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್ ಇಟ್ಟುಕೊಂಡವರ ಕಾರಿನೊಳಗೆ ಒಮ್ಮೆ ಕುಳಿತು ನೋಡಿ. ಹಾರ್ನ್ ಕೂಗುತ್ತದೆ, ವೈಪರ್ ಹೇಗೋ ಓಡುತ್ತದೆ, ಪೆಟ್ರೋಲ್ ಮೀಟರ್ ಮಾತ್ರ ಎಂದೋ ಮಲಗಿರುತ್ತದೆ. ಅದಿಲ್ಲದೆ ಬದುಕುವುದನ್ನು ಮಾಲೀಕರೂ ಕಲಿತುಬಿಟ್ಟಿರುತ್ತಾರೆ. ಒಬ್ಬರು ಟ್ಯಾಂಕಿಗೆ ಕೋಲು ಇಳಿಸಿ ನೋಡುತ್ತಾರೆ, ಇನ್ನೊಬ್ಬರು ಕಾರನ್ನು ಅಲುಗಾಡಿಸಿ ಸದ್ದು ಕೇಳುತ್ತಾರೆ, ಮತ್ತೊಬ್ಬರು ಕಿಲೋಮೀಟರ್ ಲೆಕ್ಕ ನಂಬಿ ಹೊರಟು ನೆಲಮಂಗಲದ ಆಚೆ ಎಲ್ಲೋ ಕ್ಯಾನ್ ಹಿಡಿದು ಬಂಕ್ ಹುಡುಕುತ್ತಾರೆ.

ಗ್ಯಾರೇಜಿಗೆ ಹೋದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಫ್ಲೋಟ್ ಹೋಗಿದೆ ಸಾರ್, ಹೊಸದು ಹಾಕಿಸಿಬಿಡಿ." ಹೋಗಿರಲೂಬಹುದು. ಆದರೆ ಹೊಸ ಫ್ಲೋಟ್ ಯೂನಿಟ್ ಹಾಕಿದ ಮೇಲೂ ಮುಳ್ಳು ಮೊದಲಿನ ಹಾಗೇ ಮಲಗಿದ್ದರೆ ದುಡ್ಡೂ ಹೋಯಿತು, ಟ್ಯಾಂಕ್ ಬಿಚ್ಚಿದ ಶ್ರಮವೂ ಹೋಯಿತು. ಈ ಕೆಲಸದಲ್ಲಿ ಬಿಚ್ಚುವುದಕ್ಕಿಂತ ಅಳೆಯುವುದು ಮುಖ್ಯ. ಮುನ್ನೂರು ನಾನೂರು ರೂಪಾಯಿಯ ಒಂದು ಮಲ್ಟಿಮೀಟರ್, ಕ್ಲಿಪ್ ಇರುವ ಎರಡು ತುಂಡು ವೈರ್, ಒಂದು ಭಾನುವಾರ ಬೆಳಿಗ್ಗೆ. ಇಷ್ಟಿದ್ದರೆ ತಪ್ಪು ಎಲ್ಲಿದೆ ಎಂದು ನೀವೇ ಹಿಡಿಯಬಹುದು.

ಒಳಗೆ ನಡೆಯುವುದೇನು?

ಅಂಬಾಸಿಡರ್ ಹುಟ್ಟಿದ್ದು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ. ಹೆರಾಲ್ಡ್ ಮದ್ರಾಸಿನಲ್ಲಿ ತಯಾರಾದರೂ ಅದರದ್ದೂ ಬ್ರಿಟಿಷ್ ಮೂಲವೇ. ಪದ್ಮಿನಿ ಇಟಲಿಯ ಫಿಯೆಟ್ 1100ರ ಸಂತಾನ. ಮೀಟರಿನ ತಯಾರಿಕೆ ಬೇರೆ ಬೇರೆಯಾದರೂ ತತ್ವ ಒಂದೇ. ಬ್ಯಾಟರಿಯ ಕರೆಂಟ್ ಇಗ್ನಿಷನ್ ಸ್ವಿಚ್ ಮತ್ತು ಫ್ಯೂಸ್ ದಾಟಿ ಡ್ಯಾಶ್‌ಬೋರ್ಡಿನ ಮೀಟರಿಗೆ ಬರುತ್ತದೆ. ಅಲ್ಲಿಂದ ಒಂದೇ ಒಂದು ವೈರ್ ಹಿಂದಿನ ಟ್ಯಾಂಕಿನವರೆಗೂ ಹೋಗಿ ಫ್ಲೋಟ್ ಯೂನಿಟ್‌ಗೆ ಸೇರುತ್ತದೆ. ಯೂನಿಟ್ಟಿನ ಒಳಗೆ ಸಣ್ಣ ತಂತಿ ಸುತ್ತಿದ ಒಂದು ಪಟ್ಟಿ ಇದೆ. ಫ್ಲೋಟ್ ಮೇಲೆ ಕೆಳಗೆ ಆದಂತೆ ಒಂದು ತೆಳು ನಾಲಿಗೆ ಆ ಪಟ್ಟಿಯ ಮೇಲೆ ಉಜ್ಜುತ್ತಾ ಸರಿಯುತ್ತದೆ, ರೆಸಿಸ್ಟೆನ್ಸ್ ಹೆಚ್ಚು ಕಡಿಮೆ ಆಗುತ್ತದೆ. ಕೊನೆಗೆ ಕರೆಂಟ್ ಯೂನಿಟ್ಟಿನ ಮೈಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಬಾಡಿಗೆ ಹೋಗಿ ಬ್ಯಾಟರಿ ಸೇರುತ್ತದೆ. ಈ ಕೊನೆಯ ದಾರಿಯೇ ಅರ್ಥ್. ಹಳೆಯ ಕಾರಿನಲ್ಲಿ ಮೊದಲು ಕೆಡುವುದೂ ಅದೇ.

ಬ್ರಿಟಿಷ್ ಕಾರುಗಳಲ್ಲಿ 1960ರ ದಶಕದ ಮಧ್ಯದಿಂದ ಹೆಚ್ಚಾಗಿ ಬಂದದ್ದು ಸ್ಮಿತ್ಸ್ ಕಂಪನಿಯ ಬೈಮೆಟಲ್ ಮೀಟರ್. ಎರಡು ಲೋಹಗಳ ಪಟ್ಟಿಯೊಂದು ಕರೆಂಟಿನ ಬಿಸಿಗೆ ಬಾಗಿ ಮುಳ್ಳನ್ನು ತಳ್ಳುತ್ತದೆ. ಅದಕ್ಕೇ ಕೀ ಹಾಕಿದ ಕೂಡಲೇ ಮುಳ್ಳು ಹಾರುವುದಿಲ್ಲ, ನಿಧಾನಕ್ಕೆ ಏಳುತ್ತದೆ. ಡೈನಮೋ ವೋಲ್ಟೇಜ್ ಏರಿಳಿದರೆ ಮುಳ್ಳೂ ಏರಿಳಿಯಬಾರದಲ್ಲ, ಅದಕ್ಕಾಗಿ ಮೀಟರಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಸ್ಟೆಬಿಲೈಸರ್ ಇಟ್ಟಿರುತ್ತಾರೆ. ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು ಸರಾಸರಿ 10 ವೋಲ್ಟ್ ಸಿಗುವಂತೆ ಮಾಡುವುದು ಅದರ ಕೆಲಸ. ಇದಕ್ಕಿಂತ ಹಿಂದಿನ ಮೀಟರುಗಳಲ್ಲಿ ಕಾಯಿಲ್ ಇದ್ದು, ಮುಳ್ಳು ಕೀ ಹಾಕಿದೊಡನೆ ಎದ್ದು, ತಿರುವುಗಳಲ್ಲಿ ಕುಣಿಯುತ್ತಿತ್ತು.

ಬೈಮೆಟಲ್ ಸ್ಮಿತ್ಸ್ ಮೀಟರಿಗೆ ಹೊಂದುವ ಫ್ಲೋಟ್ ಯೂನಿಟ್ ಟ್ಯಾಂಕ್ ಖಾಲಿ ಇದ್ದಾಗ ಸುಮಾರು 240 ಓಮ್, ತುಂಬಿದಾಗ 20ರಿಂದ 30 ಓಮ್ ತೋರಿಸುತ್ತದೆ. ಈ ಎರಡು ಸಂಖ್ಯೆಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಮಾಡಿ. ಟ್ಯಾಂಕಿನ ಬೋಲ್ಟ್ ತುಕ್ಕು ಹಿಡಿದು ಅರ್ಥಿನ ದಾರಿಯಲ್ಲಿ 40 ಓಮ್ ಹೆಚ್ಚಾಗಿದೆ ಎಂದುಕೊಳ್ಳಿ. ಟ್ಯಾಂಕ್ ಖಾಲಿ ಇದ್ದಾಗ 240 ಹೋಗಿ 280 ಆದರೆ ಮುಳ್ಳಿಗೆ ವ್ಯತ್ಯಾಸವೇ ತಿಳಿಯದು. ತುಂಬಿದಾಗ 25 ಇರಬೇಕಾದ್ದು 65 ಆದರೆ ಮುಳ್ಳು ಅರ್ಧದ ಕಡೆಗೆ ಜಾರುತ್ತದೆ. ಹಾಗಾಗಿ "ಖಾಲಿ ಸರಿಯಾಗಿ ತೋರಿಸುತ್ತೆ, ಫುಲ್ ಮಾಡಿಸಿದರೆ ಮೇಲೆ ಹೋಗಲ್ಲ" ಎನ್ನುವ ದೂರು ಬಂದರೆ ಫ್ಲೋಟಿನ ಮೇಲೆ ಕೈ ಹಾಕುವ ಮೊದಲೇ ನನ್ನ ಅನುಮಾನ ಹೋಗುವುದು ಅರ್ಥಿನ ಮೇಲೆ.

ಬಿಚ್ಚುವ ಮೊದಲು ಪರೀಕ್ಷೆ

ಇದಿಷ್ಟನ್ನೂ ಟ್ಯಾಂಕ್ ಮುಚ್ಚಿರುವಾಗಲೇ, ಬಯಲಲ್ಲಿ ಮಾಡಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮಾಡಲೇಬೇಡಿ. ಮೊದಲು ಸೋರಿಕೆ ನಿಲ್ಲಲಿ.

1. ಟೆಂಪರೇಚರ್ ಮೀಟರ್ ಕೂಡ ವೈರಿನದ್ದಾಗಿದ್ದರೆ ಅದನ್ನೂ ಗಮನಿಸಿ. ಎರಡೂ ಒಟ್ಟಿಗೆ ಸತ್ತಿದ್ದರೆ ಫ್ಯೂಸ್ ಅಥವಾ ಸ್ಟೆಬಿಲೈಸರ್. ಎರಡೂ ಹೆಚ್ಚು ತೋರಿಸುತ್ತಿದ್ದರೆ ಸ್ಟೆಬಿಲೈಸರಿನ ಅರ್ಥ್ ಬಿಟ್ಟಿರುವ ಸಾಧ್ಯತೆ ಹೆಚ್ಚು. ಅರ್ಥ್ ಇಲ್ಲದಿದ್ದರೆ ಅದು ಕರೆಂಟ್ ಕಡಿಯುವುದನ್ನೇ ನಿಲ್ಲಿಸಿ ಬ್ಯಾಟರಿಯ ಪೂರ್ತಿ ವೋಲ್ಟೇಜನ್ನು ಹಾಗೇ ದಾಟಿಸುತ್ತದೆ. ಅದನ್ನು ಹಿಡಿದಿರುವ ಸ್ಕ್ರೂ ಬಿಚ್ಚಿ, ಜಾಗ ಉಜ್ಜಿ, ಮತ್ತೆ ಬಿಗಿದರೆ ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ.

2. ಟ್ಯಾಂಕಿನ ಮೈಗೂ ಬಾಡಿಯ ಬರಿ ಲೋಹಕ್ಕೂ ಒಂದು ತುಂಡು ವೈರನ್ನು ತಾತ್ಕಾಲಿಕವಾಗಿ ಕ್ಲಿಪ್ ಮಾಡಿ. ಮೊದಲು ಕ್ಲಿಪ್, ಆಮೇಲೆ ಕೀ. ಈ ಕ್ರಮ ಮರೆಯಬೇಡಿ, ಕಿಡಿ ಹಾರುವುದಾದರೆ ಅದು ಟ್ಯಾಂಕಿನ ಹತ್ತಿರ ಹಾರಬಾರದು. ಮುಳ್ಳು ಎದ್ದರೆ ತಪ್ಪು ಸಿಕ್ಕಿತು.

3. ಏಳಲಿಲ್ಲವೇ? ಕೀ ತೆಗೆಯಿರಿ. ಫ್ಲೋಟ್ ಯೂನಿಟ್ಟಿನ ವೈರ್ ಕಳಚಿ, ಅದಕ್ಕೆ 22 ಓಮ್‌ನ 5 ವಾಟ್ ರೆಸಿಸ್ಟರ್ ಕ್ಲಿಪ್ ಮಾಡಿ, ಅದರ ಇನ್ನೊಂದು ತುದಿಯನ್ನು ಬಾಡಿಗೆ ಕೊಡಿ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ, ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆ ಇದ್ದೇ ಇದೆ. ಕೀ ಹಾಕಿ ಒಂದು ನಿಮಿಷ ಕಾಯಿರಿ. ಮುಳ್ಳು ಫುಲ್ ಹತ್ತಿರ ಬಂದರೆ ಮೀಟರ್, ಸ್ಟೆಬಿಲೈಸರ್, ವೈರ್ ಮೂರೂ ಸರಿಯಾಗಿವೆ. ತಪ್ಪು ಫ್ಲೋಟ್ ಯೂನಿಟ್ಟಿನಲ್ಲೇ. ರೆಸಿಸ್ಟರ್ ಬದಲು ವೈರನ್ನು ನೇರವಾಗಿ ಬಾಡಿಗೆ ಮುಟ್ಟಿಸುವುದು ಗ್ಯಾರೇಜಿನ ರೂಢಿ. ಕೆಲವು ಸೆಕೆಂಡಿಗೆ ತೊಂದರೆ ಇಲ್ಲ, ಹಾಗೇ ಬಿಟ್ಟರೆ ಮೀಟರಿನ ಪಟ್ಟಿ ಅತಿಯಾಗಿ ಬಾಗಿ ಹಾಳಾಗುತ್ತದೆ.

4. ಆಗಲೂ ಮುಳ್ಳು ಅಲ್ಲಾಡದಿದ್ದರೆ ಇದೇ ಪರೀಕ್ಷೆಯನ್ನು ಮೀಟರಿನ ಹಿಂದಿನ ತುದಿಯಲ್ಲೇ ಮಾಡಿ. ಅಲ್ಲಿ ಎದ್ದು ಟ್ಯಾಂಕಿನ ತುದಿಯಲ್ಲಿ ಏಳದಿದ್ದರೆ ನಡುವಿನ ವೈರ್ ತುಂಡಾಗಿದೆ. ಎರಡೂ ಕಡೆ ಏಳದಿದ್ದರೆ ಮೀಟರಿಗೆ ಕರೆಂಟ್ ಬರುತ್ತಿದೆಯೇ ನೋಡಿ. ಬೈಮೆಟಲ್ ಸ್ಟೆಬಿಲೈಸರಿನಲ್ಲಿ ಮಲ್ಟಿಮೀಟರ್ ಒಂದೇ ಸಮನೆ 10 ವೋಲ್ಟ್ ತೋರಿಸದು, ಅಂಕೆಗಳು ಹಾರಾಡುತ್ತವೆ. ಅದು ಕೆಟ್ಟಿರುವ ಲಕ್ಷಣವಲ್ಲ, ಕೆಲಸ ಮಾಡುತ್ತಿರುವ ಲಕ್ಷಣ.

ಒಂದು ಎಚ್ಚರ. ಎಲ್ಲ ಮೀಟರುಗಳೂ ಹೀಗೇ ವರ್ತಿಸುವುದಿಲ್ಲ. ಕೆಲವು ಹಳೆಯ ಕಾಯಿಲ್ ಮೀಟರುಗಳು ತದ್ವಿರುದ್ಧ: ವೈರನ್ನು ಅರ್ಥ್ ಮಾಡಿದರೆ ಖಾಲಿ, ಕಳಚಿದರೆ ಫುಲ್. ಅಮೆರಿಕನ್ ಜನರಲ್ ಮೋಟರ್ಸ್ ಕಾರುಗಳ ಪದ್ಧತಿಯೂ ಹಾಗೇ. ಅಲ್ಲಿ ಖಾಲಿಗೆ 0 ಓಮ್, ಪೂರ್ತಿಗೆ 90. ನಿಮ್ಮ ಮೀಟರ್ ಯಾವ ಜಾತಿ ಎಂಬುದು ವೈರ್ ಕಳಚಿ ಕೀ ಹಾಕಿದರೆ ಗೊತ್ತಾಗುತ್ತದೆ. ಮುಳ್ಳು ಖಾಲಿಯಲ್ಲೇ ನಿಂತರೆ ಮೇಲಿನ ಲೆಕ್ಕ ಅನ್ವಯಿಸುತ್ತದೆ.

ಟ್ಯಾಂಕ್ ತೆರೆಯುವಾಗ

ಇಲ್ಲಿ ತಮಾಷೆ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹಾರಿಹೋಗದೆ ನೆಲದ ಮೇಲೆ ಹರಡಿ, ಗುಂಡಿಗಳಲ್ಲಿ ಮಡುಗಟ್ಟಿ, ದೂರದ ಕಿಡಿಯನ್ನು ತಲುಪುತ್ತದೆ. ಗಾಳಿಯಲ್ಲಿ ಅದರ ಪಾಲು ಶೇ 1.4ರಿಂದ 7.6ರ ನಡುವೆ ಇದ್ದರೆ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನ ಒಳಗೆ ಆವಿ ಇದಕ್ಕಿಂತ ದಟ್ಟ, ಗಾಳಿ ಸಾಲದು. ಖಾಲಿ ಮಾಡಿ ಬಾಯಿ ತೆರೆದಿಟ್ಟ ಟ್ಯಾಂಕಿಗೆ ಗಾಳಿ ನುಗ್ಗಿ ಮಿಶ್ರಣ ಹದಕ್ಕೆ ಬರುತ್ತದೆ. ಆದ್ದರಿಂದ "ಟ್ಯಾಂಕ್ ಖಾಲಿ ಇದೆ, ಭಯ ಇಲ್ಲ" ಎನ್ನುವವರ ಹತ್ತಿರ ಕೆಲಸ ಮಾಡಿಸಬೇಡಿ.

ಕೆಲಸ ಬಯಲಲ್ಲೇ ಆಗಲಿ. ಬ್ಯಾಟರಿಯ ಅರ್ಥ್ ಕೇಬಲ್ ಮೊದಲು ಕಳಚಿ. ಪಕ್ಕದಲ್ಲಿ ದೇವರ ದೀಪ, ಊದಿನಕಡ್ಡಿ, ಬೀಡಿ, ಓಡುತ್ತಿರುವ ಪಂಪ್‌ಸೆಟ್ ಯಾವುದೂ ಇರಬಾರದು. ಬೆಳಕಿಗೆ ವೈರಿನ ಬಲ್ಬ್ ಬೇಡ, ದೂರದಲ್ಲಿಟ್ಟ ಎಲ್‌ಇಡಿ ಟಾರ್ಚ್ ಸಾಕು. ಒಣಪುಡಿಯ ಅಗ್ನಿಶಾಮಕ ಕೈಗೆಟುಕುವಂತಿರಲಿ. ಪೆಟ್ರೋಲನ್ನು ಪೈಪಿಗೆ ಬಾಯಿಟ್ಟು ಎಳೆಯಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಆಸ್ಪತ್ರೆಯೇ ಗತಿ. ಕೈಯಿಂದ ಅದುಮುವ ಪಂಪು ಅಗ್ಗಕ್ಕೆ ಸಿಗುತ್ತದೆ. ತುಂಬಿಸುವುದು ಮುಚ್ಚಳ ಬಿಗಿಯಾಗುವ ಲೋಹದ ಜೆರಿಕ್ಯಾನಿಗೆ, ನೀರಿನ ಬಾಟಲಿಗಲ್ಲ.

ಯೂನಿಟ್ ಟ್ಯಾಂಕಿನ ಮೇಲ್ಭಾಗದಲ್ಲಿದ್ದರೆ ಪೆಟ್ರೋಲನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಸಾಕು. ಪಕ್ಕದಲ್ಲಿದ್ದರೆ ರಂಧ್ರದ ಮಟ್ಟಕ್ಕಿಂತ ಚೆನ್ನಾಗಿ ಕೆಳಗೆ ಇಳಿಸದೆ ಸ್ಕ್ರೂ ಮುಟ್ಟಬೇಡಿ, ಡಿಕ್ಕಿಯೊಳಗೆ ಪೆಟ್ರೋಲ್ ಹರಿದೀತು.

ಸುತ್ತಲಿನ ಮಣ್ಣು, ತುಕ್ಕಿನ ಪುಡಿಯನ್ನು ಬ್ರಷ್‌ನಿಂದ ಗುಡಿಸಿ, ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಅದೆಲ್ಲ ಟ್ಯಾಂಕಿನೊಳಗೆ ಬಿದ್ದು ಕಾರ್ಬುರೇಟರ್ ಸೇರುತ್ತದೆ. ಯೂನಿಟ್ ಯಾವ ದಿಕ್ಕಿಗೆ ಕೂತಿದೆ ಎಂದು ಮಾರ್ಕರಿನಲ್ಲಿ ಗೆರೆ ಎಳೆದುಕೊಳ್ಳಿ. ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಒಳ್ಳೆಯದು. ತಿರುಗಿಸುವ ಲಾಕ್ ರಿಂಗ್ ಇದ್ದರೆ ಉಕ್ಕಿನ ಚಾಣ ಸುತ್ತಿಗೆ ಬೇಡ. ಹಿತ್ತಾಳೆ ಸರಳು ಅಥವಾ ಗಟ್ಟಿ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ಹೊರಗೆಳೆಯುವಾಗ ಫ್ಲೋಟಿನ ಕಡ್ಡಿ ಬಾಗದಂತೆ ಓರೆಯಾಗಿ ತಿರುಗಿಸುತ್ತಾ ತೆಗೆಯಿರಿ, ಕೂಡಲೇ ರಂಧ್ರ ಮುಚ್ಚಿ.

ಹಳೆಯ ಯೂನಿಟ್ ಏನು ಹೇಳುತ್ತದೆ?

ಟ್ಯಾಂಕಿನಿಂದ ದೂರ ಒಯ್ದು, ಒಣಗಿಸಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿಯನ್ನು ಟರ್ಮಿನಲ್‌ಗೆ, ಇನ್ನೊಂದನ್ನು ಯೂನಿಟ್ಟಿನ ಮೈಗೆ ಹಿಡಿಯಿರಿ. ಫ್ಲೋಟಿನ ತೋಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಎತ್ತಿ. ಅಂಕೆಗಳು ಏಕಪ್ರಕಾರವಾಗಿ ಇಳಿಯಬೇಕು. ನಡುವೆ ಎಲ್ಲಾದರೂ ಅಂಕೆ ಮಾಯವಾಗಿ ಮತ್ತೆ ಬಂದರೆ ತಂತಿ ಸವೆದಿದೆ ಎಂದರ್ಥ. ಯಾವಾಗಲೂ ಟ್ಯಾಂಕ್ ಅರ್ಧ ಇರುವಂತೆ ಓಡಾಡುವ ಕಾರಿನಲ್ಲಿ ಅರ್ಧದ ಜಾಗದಲ್ಲೇ ಇದು ಸವೆದಿರುತ್ತದೆ. ಈ ಪರೀಕ್ಷೆಗೆ ಡಿಜಿಟಲ್‌ಗಿಂತ ಮುಳ್ಳಿನ ಹಳೆಯ ಮಲ್ಟಿಮೀಟರೇ ಮೇಲು. ಕ್ಷಣಮಾತ್ರದ ಸಂಪರ್ಕ ತಪ್ಪುವಿಕೆ ಮುಳ್ಳಿನ ಜಿಗಿತದಲ್ಲಿ ಕಾಣುತ್ತದೆ, ಡಿಜಿಟಲ್ ಅಂಕೆ ಅದನ್ನು ನುಂಗಿಬಿಡುತ್ತದೆ.

ಹಿತ್ತಾಳೆಯ ಫ್ಲೋಟ್ ಆಗಿದ್ದರೆ ಕಿವಿಯ ಹತ್ತಿರ ಅಲುಗಾಡಿಸಿ. ಒಳಗೆ ಗುಳುಗುಳು ಎಂದರೆ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಪೆಟ್ರೋಲ್ ಹೊಕ್ಕಿದೆ. ಅದು ತೇಲುವುದಿಲ್ಲ, ಮೀಟರ್ ಸದಾ ಖಾಲಿ. ಇದನ್ನು ಬೆಸುಗೆ ಹಾಕಿ ಮುಚ್ಚಲು ಹೋಗಬೇಡಿ. ಒಳಗೆ ಒಂದು ಹನಿ ಪೆಟ್ರೋಲ್ ಉಳಿದಿದ್ದರೂ ಬೆಸುಗೆಯ ಬಿಸಿಗೆ ಸಿಡಿಯುತ್ತದೆ. ತುಂಬ ಹಳೆಯ ಕಾರುಗಳಲ್ಲಿ ಬೆಂಡಿನ ಫ್ಲೋಟಿಗೆ ಅರಗಿನ ಲೇಪ ಕೊಟ್ಟಿರುತ್ತಾರೆ. ಅರಗು ಪೆಟ್ರೋಲಿಗೆ ಜಗ್ಗದು, ಆದರೆ ಎಥನಾಲ್‌ನಲ್ಲಿ ಕರಗುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ನಲವತ್ತು ವರ್ಷ ತೇಲಿದ ಫ್ಲೋಟ್ ಇದ್ದಕ್ಕಿದ್ದಂತೆ ಮುಳುಗಿದರೆ ಕಾರಣ ಅಲ್ಲಿ ಹುಡುಕಿ. ಎಥನಾಲ್ ನೀರನ್ನೂ ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರಿಳಿದು ತುಕ್ಕೂ ಬರುತ್ತದೆ. ಯೂನಿಟ್ ಹೊರಗಿರುವಾಗಲೇ ಟಾರ್ಚ್ ಬೆಳಕನ್ನು ದೂರದಿಂದ ಹಾಯಿಸಿ ಒಳಗೊಮ್ಮೆ ನೋಡಿಬಿಡಿ.

ಹೊಸದು ಕೊಳ್ಳುವಾಗ

ಬಿಡಿಭಾಗ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಯೂನಿಟ್ ಮತ್ತು ಮಲ್ಟಿಮೀಟರ್ ಎರಡೂ ಚೀಲದಲ್ಲಿರಲಿ. "ಅಂಬಾಸಿಡರಿಗೆ ಕೊಡಿ" ಎಂದರೆ ಯಾವುದೋ ವರ್ಷದ್ದು ಕೈಗೆ ಬರುತ್ತದೆ. ಸ್ಕ್ರೂ ರಂಧ್ರ, ತೋಳಿನ ಉದ್ದ, ಫ್ಲೋಟ್ ಬಾಗಿರುವ ದಿಕ್ಕು ಹೋಲಿಸಿ, ಕೌಂಟರಿನ ಮೇಲೆಯೇ ಖಾಲಿ ಮತ್ತು ಪೂರ್ತಿಯ ಓಮ್ ಅಳೆಯಿರಿ. ಅಂಗಡಿಯವರು ಸ್ವಲ್ಪ ವಿಚಿತ್ರವಾಗಿ ನೋಡಬಹುದು, ನೋಡಲಿ. ಫಿಯೆಟ್ ವಂಶದ ಹಲವು ಕಾರುಗಳ ಯೂನಿಟ್ಟಿನಲ್ಲಿ ಎರಡು ಟರ್ಮಿನಲ್ ಇರುತ್ತವೆ: ಒಂದು ಮೀಟರಿಗೆ, ಇನ್ನೊಂದು ರಿಸರ್ವ್ ದೀಪಕ್ಕೆ. ಬಿಚ್ಚುವಾಗಲೇ ಗುರುತು ಮಾಡಿಕೊಂಡಿರದಿದ್ದರೆ ಅದಲು ಬದಲಾಗುತ್ತದೆ.

ಮೂಲದ್ದು ಸಿಗದಿದ್ದರೆ ಎಲ್ಲ ಕಾರಿಗೂ ಹೊಂದುವ ಯೂನಿಟ್‌ಗಳಿವೆ. ಅವುಗಳಲ್ಲಿ 240ರಿಂದ 33 ಓಮ್‌ನದ್ದು ಬೈಮೆಟಲ್ ಸ್ಮಿತ್ಸ್ ಮೀಟರಿಗೆ ಹೆಚ್ಚು ಕಡಿಮೆ ಒಪ್ಪುತ್ತದೆ. ಪೂರ್ತಿ ತುಂಬಿದಾಗ ಮುಳ್ಳು ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ನಿಲ್ಲಬಹುದು, ಅಷ್ಟೇ. ವಿಡಿಒ ಪದ್ಧತಿಯ 10ರಿಂದ 180 ಓಮ್‌ನದ್ದು ತಿರುಗುಮುರುಗು, ಖಾಲಿಗೆ 10. ಅದನ್ನು ಹಾಕಿದರೆ ಪೆಟ್ರೋಲ್ ತೀರಿದಂತೆ ಮುಳ್ಳು ಮೇಲೇರುತ್ತದೆ.

ವೈರಿಂಗ್

ಈ ಸರ್ಕ್ಯೂಟಿನಲ್ಲಿ ಹರಿಯುವುದು ಒಂದು ಆಂಪಿಯರಿನ ಹತ್ತನೇ ಒಂದು ಪಾಲಿನ ಆಸುಪಾಸು. ದಪ್ಪ ವೈರ್ ಬೇಕಾಗಿಲ್ಲ. ಎಳೆದರೆ ತುಂಡಾಗದಿರಲಿ ಎಂಬುದಕ್ಕಾಗಿ 0.75 ಅಥವಾ 1 ಚದರ ಮಿಲಿಮೀಟರಿನ, ಹಲವು ಎಳೆಗಳ ಆಟೊ ವೈರ್ ತೆಗೆದುಕೊಳ್ಳಿ. ಮನೆ ವೈರಿಂಗಿನ ಒಂಟಿ ತಂತಿ ಬೇಡ, ಕಾರಿನ ಅದುರಾಟಕ್ಕೆ ಒಳಗೇ ಮುರಿಯುತ್ತದೆ.

ಬ್ರಿಟಿಷ್ ಕಾರುಗಳ ಲೂಕಾಸ್ ಬಣ್ಣದ ಪದ್ಧತಿಯಲ್ಲಿ ಮೀಟರಿನಿಂದ ಟ್ಯಾಂಕಿಗೆ ಹೋಗುವುದು ಕಪ್ಪು ಗೆರೆಯ ಹಸಿರು ವೈರ್, ಅರ್ಥ್ ಕಪ್ಪು. ಆದರೆ ನಾಲ್ಕು ಕೈ ಬದಲಾದ ಕಾರಿನಲ್ಲಿ ಬಣ್ಣ ನಂಬುವುದು ಕಷ್ಟ. ಸಿಕ್ಕ ಬಣ್ಣದ ವೈರ್ ಹಾಕಿ ಟೇಪ್ ಸುತ್ತಿದ ಪುಣ್ಯಾತ್ಮರು ನಡುವೆ ಬಂದು ಹೋಗಿರುತ್ತಾರೆ. ಬ್ಯಾಟರಿ ಕಳಚಿ, ವೈರಿನ ಎರಡೂ ತುದಿ ಬಿಡಿಸಿ, ಮಲ್ಟಿಮೀಟರಿನ ಬೀಪ್ ಸದ್ದಿನಲ್ಲಿ ಖಚಿತಪಡಿಸಿಕೊಳ್ಳಿ. ಅದೇ ವೈರ್ ಬಾಡಿಗೆ ಎಲ್ಲೂ ತಾಗುತ್ತಿಲ್ಲ ಎಂಬುದನ್ನೂ ನೋಡಿ.

1. ಹಳೆಯ ವೈರ್ ಸಲೀಸಾಗಿ ಜರುಗುತ್ತಿದ್ದರೆ ಅದರ ತುದಿಗೆ ಹೊಸದನ್ನು ಕಟ್ಟಿ ಎಳೆದುಕೊಳ್ಳಿ. ಜರುಗದಿದ್ದರೆ ಬಲವಂತ ಬೇಡ, ಹಿಂದಿನ ಲೈಟಿನ ವೈರುಗಳೂ ಕಿತ್ತುಬರುತ್ತವೆ. ಹಳೆಯದರ ತುದಿಗಳಿಗೆ ಸ್ಲೀವ್ ಹಾಕಿ ಅಲ್ಲೇ ಬಿಟ್ಟು, ಹೊಸದನ್ನು ಬಾಗಿಲ ಕೆಳಗಿನ ಪಟ್ಟಿಯೊಳಗೆ ಹಾಯಿಸಿ.

2. ಸೈಲೆನ್ಸರ್ ಪೈಪಿನಿಂದ ದೂರವಿಡಿ. ತಗಡು ದಾಟುವಲ್ಲೆಲ್ಲ ರಬ್ಬರ್ ಗ್ರಾಮೆಟ್ ಕಡ್ಡಾಯ.

3. ತುದಿಗಳಿಗೆ ಲಗ್ ಅನ್ನು ಸರಿಯಾದ ಕ್ರಿಂಪಿಂಗ್ ಪ್ಲೈಯರಿನಲ್ಲಿ ಅದುಮಿ, ಮೇಲೆ ಸ್ಲೀವ್ ಹಾಕಿ. ಬೆಸುಗೆ ಹಾಕಲೇಬೇಕೆಂದಿದ್ದರೆ ಅದು ಮನೆಯೊಳಗಿನ ಮೇಜಿನ ಮೇಲೆ, ವೈರ್ ಕಾರಿಗೆ ಹೋಗುವ ಮೊದಲು.

4. ಅರ್ಥಿಗೆ ಪ್ರತ್ಯೇಕ ವೈರ್ ಕೊಡಿ. ಕಾರು ತಯಾರಿಸಿದವರು ಸ್ಕ್ರೂ, ಬೋಲ್ಟುಗಳನ್ನೇ ನಂಬಿದ್ದರು. ಅವು ಹೊಸದಿದ್ದಾಗ ಅದು ಸರಿಯೇ. ಈಗ ಯೂನಿಟ್ಟಿನ ಒಂದು ಸ್ಕ್ರೂ ಕೆಳಗೆ ಲಗ್ ಇಟ್ಟು, ಇನ್ನೊಂದು ತುದಿಯನ್ನು ಬಣ್ಣ ಕೆರೆದ ಬಾಡಿಯ ಬರಿ ಲೋಹಕ್ಕೆ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿ. ಈ ಒಂದಡಿ ವೈರ್ ಇಡೀ ಕೆಲಸದ ಜೀವ.

ಕೂರಿಸುವ ಮುನ್ನ ಒಂದು ತಾಲೀಮು

ಹೊಸ ಯೂನಿಟ್ಟನ್ನು ಟ್ಯಾಂಕಿಗೆ ಇಳಿಸುವ ಮೊದಲು, ಟ್ಯಾಂಕಿನ ರಂಧ್ರ ಭದ್ರವಾಗಿ ಮುಚ್ಚಿ, ಉದ್ದದ ವೈರುಗಳಿಂದ ಯೂನಿಟ್ಟನ್ನು ಕಾರಿನಿಂದಾಚೆಗೆ ತಂದು ಜೋಡಿಸಿ. ಮೈಗೆ ಅರ್ಥ್ ಕೊಡುವುದು ಮರೆಯಬೇಡಿ. ಎಲ್ಲ ಕ್ಲಿಪ್ ಆದ ಮೇಲೆ ಬ್ಯಾಟರಿ, ಕೊನೆಗೆ ಕೀ. ತೋಳು ಕೆಳಗಿದ್ದಾಗ ಖಾಲಿ, ಮೇಲಿದ್ದಾಗ ಪೂರ್ತಿ ಬರಬೇಕು. ಬೈಮೆಟಲ್ ಮೀಟರಾದರೆ ಪ್ರತಿ ಸಲ ಒಂದು ನಿಮಿಷ ತಾಳಿ.

ಗ್ಯಾಸ್ಕೆಟ್ ಹೊಸದೇ ಇರಲಿ. ಎಥನಾಲ್ ತಾಳುವ ವೈಟಾನ್ ಸಿಕ್ಕರೆ ಉತ್ತಮ. ಎದುರು ಬದುರಿನ ಸ್ಕ್ರೂಗಳನ್ನು ಸರದಿಯ ಮೇಲೆ ಸಮನಾಗಿ ಬಿಗಿಯಿರಿ. ಪೆಟ್ರೋಲ್ ತುಂಬಿದ ಮೇಲೆ ಸುತ್ತಲೂ ಒಣ ಕಾಗದ ಒತ್ತಿ ನೋಡಿ, ತೇವ ಬಂದರೆ ಕಾರು ಹೊರಡಿಸಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಗ್ಯಾಸ್ಕೆಟ್ಟಿಗೆ ಮಾಮೂಲಿ ಸಿಲಿಕೋನ್ ಪೇಸ್ಟ್ ಬಳಿಯುವುದು ಮೊದಲನೆಯದು. ಪೆಟ್ರೋಲಿನಲ್ಲಿ ಅದು ಉಬ್ಬಿ, ಎಳೆ ಎಳೆಯಾಗಿ ಕಿತ್ತು, ಫಿಲ್ಟರ್ ಕಟ್ಟುತ್ತದೆ.

ಗ್ಯಾಸ್ಕೆಟ್ ಚೆನ್ನಾಗಿ ಕೂತು, ಸ್ಕ್ರೂಗಳಿಗೂ ಫೈಬರ್ ವಾಷರ್ ಹಾಕಿ, ಯೂನಿಟ್ಟಿಗೆ ಅರ್ಥೇ ಇಲ್ಲದಂತೆ ಮಾಡುವುದು ಇನ್ನೊಂದು. ಹೊಸದಾಗಿ ಪೇಂಟ್ ಮಾಡಿಸಿದ ಟ್ಯಾಂಕಿನಲ್ಲಿ ಇದು ಖಚಿತ. ರಿಸ್ಟೋರೇಷನ್ ಮುಗಿದು ಕಾರು ಮಿಂಚುತ್ತಿರುತ್ತದೆ, ಮೀಟರ್ ಮಾತ್ರ ಏಳದು.

ಹಳೆಯ ಸ್ಟೆಬಿಲೈಸರ್ ತೆಗೆದು 7810 ಐಸಿಯ ಎಲೆಕ್ಟ್ರಾನಿಕ್ ಸ್ಟೆಬಿಲೈಸರ್ ಹಾಕುವವರು ಕಾರು ನೆಗೆಟಿವ್ ಅರ್ಥಿನದ್ದೇ ಎಂದು ನೋಡಿಕೊಳ್ಳಬೇಕು. ಕೆಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಸೇರಿರುತ್ತದೆ. ಬೈಮೆಟಲ್ ಮೀಟರಿಗೆ ಅದರ ಗೊಡವೆ ಇಲ್ಲ, ಐಸಿ ಸುಟ್ಟುಹೋಗುತ್ತದೆ.

ಮುಳ್ಳು ಸ್ವಲ್ಪ ಹೆಚ್ಚು ಕಡಿಮೆ ತೋರಿಸಿತೆಂದು ಮೀಟರ್ ಬಿಚ್ಚಿ ಮುಳ್ಳನ್ನೇ ಬಾಗಿಸುವವರೂ ಇದ್ದಾರೆ. ಹೊಂದಿಸಬೇಕಾದ್ದು ಫ್ಲೋಟಿನ ತೋಳನ್ನು, ಅದೂ ಖಾಲಿಯ ಕಡೆಗೆ ನಿಖರವಾಗುವಂತೆ. ಪೂರ್ತಿ ತುಂಬಿದಾಗ ಮುಳ್ಳು ಗೆರೆ ಮುಟ್ಟದಿದ್ದರೆ ನಷ್ಟವಿಲ್ಲ. ಟ್ಯಾಂಕಿನಲ್ಲಿ ನಾಲ್ಕೈದು ಲೀಟರ್ ಇರುವಾಗಲೇ ಮುಳ್ಳು ಖಾಲಿ ತೋರಿಸುವಂತೆ ತೋಳನ್ನು ಬಾಗಿಸಿದರೆ ಘಾಟಿ ರಸ್ತೆಯಲ್ಲಿ ಧೈರ್ಯ ಇರುತ್ತದೆ.

ಕೊನೆಗೆ ಅಳತೆ. ಸಮತಟ್ಟಾದ ಜಾಗದಲ್ಲಿ ಖಾಲಿ ಟ್ಯಾಂಕಿಗೆ ಐದು ಲೀಟರ್ ಹಾಕಿ ಮುಳ್ಳು ಎಲ್ಲಿ ನಿಂತಿತೆಂದು ಬರೆದುಕೊಳ್ಳಿ. ಮುಂದೆ ಬಂಕಿನಲ್ಲಿ ಹತ್ತು ಹತ್ತು ಲೀಟರ್ ಹಾಕಿಸಿದಂತೆಲ್ಲ, ಬಂಕಿನಿಂದ ಪಕ್ಕಕ್ಕೆ ಸರಿದು ಕೀ ಹಾಕಿ, ನೋಡಿ, ಬರೆಯಿರಿ. ಟ್ಯಾಂಕಿನ ಆಕಾರ ನೇರವಾಗಿಲ್ಲದ್ದರಿಂದ ಮುಳ್ಳಿನ ಅರ್ಧವೂ ಲೀಟರಿನ ಅರ್ಧವೂ ಒಂದೇ ಆಗಿರುವುದಿಲ್ಲ. ಆ ಚೀಟಿಯನ್ನು ಆರ್‌ಸಿ, ಇನ್ಶೂರೆನ್ಸ್ ಇಡುವ ಕವರಿನಲ್ಲೇ ಇಟ್ಟರೆ ಮುಂದೆ ಮುಳ್ಳು ತಪ್ಪಲು ಶುರುವಾದಾಗ ಎಷ್ಟು ತಪ್ಪಿದೆ ಎಂದು ಹೋಲಿಸಲು ಆಗುತ್ತದೆ. ಆಗಲೂ ಮೊದಲು ಬಿಚ್ಚಬೇಕಾದ್ದು ಆ ಒಂದಡಿ ಅರ್ಥ್ ವೈರಿನ ಸ್ಕ್ರೂವನ್ನೇ.